ಬಾಲ್ಯದ ಬುತ್ತಿಯಲ್ಲಿ ಏನಿದೆ?

ಈಚೆಗೆ ನಮ್ಮ ಸಂಘದ ಯುವ ವಿಭಾಗದ ಕೂಟವೊಂದರಲ್ಲಿ ಮಾತನಾಡಲು ನನ್ನನ್ನು ಕರೆದಿದ್ದರು. ವಿಷಯ ಎಂದಿನಂತೆ ‘ಹಿರಿಯರು ನಡೆದು ಬಂದ ದಾರಿ’. ಊರಿನಿಂದ ಬರಿಗೈಯಲ್ಲಿ ಬಂದದ್ದು, ಹೋಟೆಲಿನಲ್ಲಿ ಲೋಟ ತೊಳೆದದ್ದು, ರಾತ್ರಿ ಶಾಲೆಯಲ್ಲಿ ಓದಿ ಎಸ್ಸೆಸ್ಸಿ ಪಾಸು ಮಾಡಿದ್ದು, ಇವನ್ನೆಲ್ಲ ಹೇಳಿದೆ. ಮಕ್ಕಳು ಮರ್ಯಾದೆಯಿಂದ ಕೇಳಿದರು, ಚಪ್ಪಾಳೆಯನ್ನೂ ತಟ್ಟಿದರು. ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತರುಣಿ ಎದ್ದು ನಿಂತು, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಅದರ ಸಾರಾಂಶ ಇಷ್ಟು:

“ನಮ್ಮಪ್ಪನೂ ನಿಮ್ಮ ಹಾಗೆಯೇ ಕಷ್ಟಪಟ್ಟು ಮೇಲೆ ಬಂದವರು. ಆದರೆ ಮನೆಗೆಲಸದ ಬಾಯಿ ತನ್ನ ಮಗನ ಫೀಸಿಗೆಂದು ಮುಂಗಡ ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ‘ನಾವು ಕಷ್ಟ ಪಡಲಿಲ್ಲವೇ? ನಮಗೆ ಯಾರು ಕೊಟ್ಟರು?’ ಅನ್ನುತ್ತಾರೆ. ಅಮ್ಮ ಹಾಗಲ್ಲ. ಅವಳು ಊರಲ್ಲಿ ಸುಖವಾಗಿ ಬೆಳೆದವಳು. ಗುಟ್ಟಾಗಿ ದುಡ್ಡು ಕೊಡುವವಳು ಅವಳೇ. ಕಷ್ಟ ಕಂಡವರಿಗೆ ತಾನೇ ಅಂಕಲ್ ಇನ್ನೊಬ್ಬರ ಕಷ್ಟ ಅರ್ಥವಾಗಬೇಕು?”

ಸಭೆಯಲ್ಲಿ ನಗು ಎದ್ದಿತು. ನಾನೂ ನಕ್ಕು ಏನೋ ಹಾರಿಕೆಯ ಉತ್ತರ ಕೊಟ್ಟು ಕುಳಿತುಬಿಟ್ಟೆ. ಆದರೆ ಲೋಕಲ್ ರೈಲಿನಲ್ಲಿ ಮನೆಗೆ ಮರಳುವಾಗ ಆ ಪ್ರಶ್ನೆ ನನ್ನ ಎದುರಿನ ಸೀಟಿನಲ್ಲೇ ಬಂದು ಕುಳಿತಂತಾಯಿತು. ಅವಳು ವರ್ಣಿಸಿದ ಆ ಅಪ್ಪ ಒಂದು ಕಾಲದಲ್ಲಿ ನಾನೇ ಆಗಿದ್ದೆ. ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇನೆ.

ಒಂದು ಟ್ರೇ ಲೋಟ

ನಾನು ಮುಂಬಯಿಗೆ ಬಂದದ್ದು 1971ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿದ್ದು 1998ರಲ್ಲಿ. ಆಗ ನಮಗಿದ್ದದ್ದು ಬಸ್ಸು ಮಾತ್ರ. ಘಟ್ಟ ಹತ್ತಿ ಇಳಿದು, ಹಗಲು ರಾತ್ರಿ ಒಂದಾಗುವ ಪ್ರಯಾಣ. ಅಮ್ಮ ಬಾಳೆಲೆಯಲ್ಲಿ ಕಟ್ಟಿಕೊಟ್ಟಿದ್ದ ಬುತ್ತಿ ಮುಂಬಯಿ ಮುಟ್ಟುವ ಮೊದಲೇ ಹಳಸಿತ್ತು. ಹಳಸಿದ್ದನ್ನೂ ತಿಂದೆ, ಏಕೆಂದರೆ ಅದು ಅಮ್ಮನ ಕೈಯದು.

ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ಬೆಳಗಿನ ಐದಕ್ಕೆ ಶುರು. ಬಂದ ಮೂರನೆಯ ತಿಂಗಳು, ಮಧ್ಯಾಹ್ನದ ಗಿರಾಕಿಗಳ ನೂಕುನುಗ್ಗಲಿನಲ್ಲಿ, ಹನ್ನೆರಡು ಲೋಟಗಳಿದ್ದ ಟ್ರೇ ನನ್ನ ಕೈಜಾರಿ ಬಿತ್ತು. ಮೇನೇಜರು ಗಲ್ಲಾದಿಂದ ಎದ್ದು ಬಂದು ತುಂಬಿದ ಹೋಟೆಲಿನಲ್ಲಿ ನನ್ನ ಕೆನ್ನೆಗೆ ಬಾರಿಸಿದರು. ಒಡೆದ ಲೋಟಗಳ ದುಡ್ಡನ್ನು ಸಂಬಳದಲ್ಲಿ ಮುರಿದರು. ಪೆಟ್ಟಿನ ನೋವು ಸಂಜೆಯೊಳಗೆ ಹೋಯಿತು. ನೋಡುತ್ತಿದ್ದ ಗಿರಾಕಿಗಳಲ್ಲಿ ಒಬ್ಬರೂ ಚಹಾದ ಲೋಟ ಕೆಳಗಿಡಲಿಲ್ಲವಲ್ಲ, ಅದು ಇಂದಿಗೂ ಹೋಗಿಲ್ಲ.

ಅದೇ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಒಬ್ಬ ಅಡುಗೆಯವರಿದ್ದರು. ಮಾತು ಕಡಿಮೆ. ನಾನು ರಾತ್ರಿ ಶಾಲೆ ಮುಗಿಸಿ ಹತ್ತು ಗಂಟೆಗೆ ಬರುವಾಗ ಹೋಟೆಲಿನ ಒಲೆ ಆರಿರುತ್ತಿತ್ತು. ಆದರೆ ಇಡ್ಲಿ ಹಂಡೆಯ ತಳದ ಬಿಸಿನೀರಿನ ಮೇಲೆ ಒಂದು ತಟ್ಟೆ ಮುಚ್ಚಿಟ್ಟಿರುತ್ತಿದ್ದರು. “ಬಂದ್ಯಾ? ಮೊದಲು ತಿನ್ನು, ಮತ್ತೆ ಲೆಕ್ಕ ಮಾಡು” ಎಂಬುದಷ್ಟೇ ಅವರ ಮಾತು. ರಾತ್ರಿ ಶಾಲೆಯಲ್ಲೊಬ್ಬರು ಮೇಷ್ಟ್ರಿದ್ದರು, ಹಗಲಲ್ಲಿ ಕಚೇರಿಯ ಗುಮಾಸ್ತರು. ತರಗತಿಯಲ್ಲಿ ತೂಕಡಿಸಿದ ಹುಡುಗನನ್ನು ಅವರು ಎಂದೂ ಬೆಂಚಿನ ಮೇಲೆ ನಿಲ್ಲಿಸಿದವರಲ್ಲ. “ಇವನು ಎಷ್ಟು ಗಂಟೆಗೆ ಎದ್ದಿದ್ದಾನೆಂದು ನನಗೆ ಗೊತ್ತು” ಎನ್ನುತ್ತಿದ್ದರು.

ಇನ್ನು ನಾನು ಸಂಕೋಚಪಡುವ ಭಾಗ. 1994ರಲ್ಲಿ ನಾನೇ ಒಂದು ಸಣ್ಣ ಕ್ಯಾಂಟೀನಿನ ಮಾಲಿಕ. ಹದಿಮೂರು ಹದಿನಾಲ್ಕು ವರ್ಷದ ಒಬ್ಬ ಹುಡುಗ, ನಮ್ಮ ಕಡೆಯವನೇ, ಟ್ರೇ ಬೀಳಿಸಿದ. ನಾನು ಗಲ್ಲಾದಿಂದ ಎದ್ದು ಹೋದೆ. ಅವನ ಕೆನ್ನೆಗೆ ಬಿದ್ದ ಕೈ ನನ್ನದೇ. “ನಾವು ಹೀಗೆಯೇ ಕಲಿತದ್ದು” ಎಂದೂ ಅಂದೆ. ಗಲ್ಲಾದ ಪಕ್ಕದಲ್ಲಿ ಕುಳಿತು ಹೋಮ್‌ವರ್ಕ್ ಮಾಡುತ್ತಿದ್ದ ಏಳು ವರ್ಷದ ನನ್ನ ಮಗಳು ಅದನ್ನು ನೋಡಿದಳು. ಅವಳು ಏನೂ ಕೇಳಲಿಲ್ಲ. ಮರುದಿನದಿಂದ ಮಾತ್ರ ಕ್ಯಾಂಟೀನಿಗೆ ಬರಲು ಒಪ್ಪಲಿಲ್ಲ. “ಮನೆಯಲ್ಲೇ ಇರ್ತೇನೆ” ಎಂದಳು. ಆ ಹುಡುಗ ವಾರದೊಳಗೆ ಬೇರೆಲ್ಲೋ ಕೆಲಸ ಹಿಡಿದು ಹೊರಟುಹೋದ. ಆಮೇಲೆ ಹುಡುಕಿಸಿದೆ, ಸಿಗಲಿಲ್ಲ.

ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಸರಕಾರ ನಿಷೇಧಿಸಿದ್ದು 2006ರ ಅಕ್ಟೋಬರದಲ್ಲಿ. ಕಾನೂನು ಅಂದು ಇರಲಿಲ್ಲ ಎಂಬುದು ನನಗೆ ಸಮಾಧಾನವಲ್ಲ. ಪೆಟ್ಟು ತಿಂದ ಕೆನ್ನೆಯ ನೆನಪು ನನಗಿತ್ತಲ್ಲ! ಅದೇಕೆ ನನ್ನ ಕೈಯನ್ನು ತಡೆಯಲಿಲ್ಲ?

ಅನುಕಂಪ ಎಂದರೆ

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆ ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಸೊಸೆಯಾಗಿದ್ದಾಗ ಕಣ್ಣೀರು ಹಾಕಿದವಳೇ ಅತ್ತೆಯಾದಾಗ ಕಣ್ಣೀರು ಹಾಕಿಸುವುದನ್ನು ನಮ್ಮ ಮನೆಗಳು ತಲೆಮಾರುಗಟ್ಟಲೆ ನೋಡಿವೆ. ಅದೇ ಮನೆಗಳಲ್ಲಿ, “ನಾನು ಪಟ್ಟದ್ದು ಸಾಕು, ನನ್ನ ಸೊಸೆಗೆ ಅದು ಬೇಡ” ಎಂದ ಅತ್ತೆಯರನ್ನೂ ನೋಡಿದ್ದೇವೆ. ನೋವು ಒಂದೇ, ಫಲ ಎರಡು.

ಇಲ್ಲಿ ಒಂದು ಪದವನ್ನು ಬಿಡಿಸಿ ನೋಡುವುದು ಒಳ್ಳೆಯದು. ‘ಅನುಕಂಪ’ದಲ್ಲಿರುವ ‘ಕಂಪ’ ಎಂದರೆ ನಡುಕ. ಇನ್ನೊಬ್ಬರು ನಡುಗಿದಾಗ ಅವರೊಡನೆ ನಡುಗುವುದೇ ಅನುಕಂಪ. ಮನಶ್ಶಾಸ್ತ್ರಜ್ಞರು ಇದರಲ್ಲಿ ಎರಡು ಎಳೆಗಳನ್ನು ಗುರುತಿಸುತ್ತಾರೆ. ಇನ್ನೊಬ್ಬರ ಮನಸ್ಸಿನಲ್ಲಿ ಏನಾಗುತ್ತಿದೆಯೆಂದು ಊಹಿಸಬಲ್ಲ ಬುದ್ಧಿ ಒಂದು. ಅದನ್ನು ಕಂಡು ಕರುಳು ಚುರುಕ್ಕೆನ್ನುವುದು ಇನ್ನೊಂದು. ಇವೆರಡೂ ಸೇರಿ, ಕೈ ನೆರವಿಗೆ ಚಾಚಿದರೆ ಅದು ಕರುಣೆ.

ಈ ಎಳೆಗಳು ಯಾವಾಗಲೂ ಒಟ್ಟಿಗೆ ಬರುವುದಿಲ್ಲ. ಗಿರಾಕಿಯ ಮನಸ್ಸನ್ನು ಚೆನ್ನಾಗಿ ಓದಬಲ್ಲ ಮೋಸಗಾರನಿಗೆ ಬುದ್ಧಿ ಇದೆ, ಕರುಳಿಲ್ಲ. ಇನ್ನು ಕೆಲವರಿಗೆ ಇನ್ನೊಬ್ಬರ ನೋವು ಕಂಡೊಡನೆ ತಮ್ಮದೇ ಹಳೆಯ ಗಾಯ ಎಷ್ಟು ಉರಿಯುತ್ತದೆಂದರೆ, ಅದನ್ನು ತಾಳಲಾರದೆ ಮುಖ ತಿರುಗಿಸುತ್ತಾರೆ ಅಥವಾ ಸಿಟ್ಟಾಗುತ್ತಾರೆ. ನಮ್ಮ ತರುಣಿಯ ತಂದೆ ಈ ಬಗೆಯವರಿರಬಹುದೆಂದು ನನ್ನ ಊಹೆ. ನಾನಂತೂ ಆಗಿದ್ದೆ.

ನೋವು ಹಿಡಿಯುವ ಎರಡು ದಾರಿ

ಇದು ಕೇವಲ ನನ್ನ ತರ್ಕವಲ್ಲ. 1985ರಲ್ಲಿ ಅಮೆರಿಕದ ಮೇರಿ ಮೇನ್ ಮತ್ತು ಕೆರೊಲ್ ಜಾರ್ಜ್ ಎಂಬ ಇಬ್ಬರು ಸಂಶೋಧಕಿಯರು ಶಿಶುವಿಹಾರಗಳಲ್ಲಿ ಕುಳಿತು ಒಂದರಿಂದ ಮೂರು ವರ್ಷದ ಮಕ್ಕಳನ್ನು ಗಮನಿಸಿದರು. ಹತ್ತು ಮಕ್ಕಳು ಮನೆಯಲ್ಲಿ ಪೆಟ್ಟು ತಿಂದವರು. ಹತ್ತು ಮಕ್ಕಳು ಅಷ್ಟೇ ಬಡತನದ, ಆದರೆ ಪೆಟ್ಟಿಲ್ಲದ ಮನೆಗಳಿಂದ ಬಂದವರು. ಜೊತೆಯ ಮಗು ಅತ್ತಾಗ ಪೆಟ್ಟಿಲ್ಲದ ಮನೆಯ ಮಕ್ಕಳಲ್ಲಿ ಹಲವರು ಕಳವಳದಿಂದ ನೋಡಿದರು, ಸಂತೈಸಲು ಹೋದರು. ಪೆಟ್ಟು ತಿಂದ ಹತ್ತರಲ್ಲಿ ಒಂದು ಮಗುವೂ ಕಳವಳ ತೋರಲಿಲ್ಲ. ಅವು ಹೆದರಿದವು, ಸಿಟ್ಟಾದವು. ಕೆಲವು ಅಳುತ್ತಿದ್ದ ಮಗುವನ್ನೇ ಹೊಡೆದವು. ಬಡತನ ಎರಡೂ ಗುಂಪಿಗಿತ್ತು ಎಂಬುದನ್ನು ಗಮನಿಸಿ. ವ್ಯತ್ಯಾಸ ಮಾಡಿದ್ದು ಮನೆಯವರ ಕೈ.

ಇಷ್ಟಕ್ಕೇ ನಿಂತಿದ್ದರೆ, ನೊಂದ ಮಗು ಮುಂದೆ ನೋಯಿಸುವವನೇ ಆಗುತ್ತಾನೆ ಎಂದು ಕೈಚೆಲ್ಲಬೇಕಾಗುತ್ತಿತ್ತು. ಆದರೆ 2018ರಲ್ಲಿ ಡೇವಿಡ್ ಗ್ರೀನ್‌ಬರ್ಗ್, ಸೈಮನ್ ಬ್ಯಾರನ್ ಕೊಹೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಬಾಲ್ಯದಲ್ಲಿ ದೊಡ್ಡ ಆಘಾತವನ್ನು ಅನುಭವಿಸಿದ್ದೇವೆಂದು ಹೇಳಿದ ವಯಸ್ಕರಲ್ಲಿ, ಸರಾಸರಿಯಾಗಿ, ಹಾಗೆ ಅನುಭವಿಸದವರಿಗಿಂತ ಅನುಕಂಪದ ಅಂಶ ಹೆಚ್ಚಿತ್ತು. ಆಘಾತ ತೀವ್ರವಾಗಿದ್ದಷ್ಟೂ ಅದು ಹೆಚ್ಚುವ ಸೂಚನೆಯೂ ಇತ್ತು. ಜನರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದರ ಮೇಲೆ ನಿಂತ ಅಧ್ಯಯನ ಅದು, ಸರಾಸರಿಯ ಮಾತೂ ಹೌದು. ಅಂದರೆ ಪ್ರತಿಯೊಬ್ಬರಿಗೂ ಹೀಗೆಯೇ ಆಗುತ್ತದೆಂದು ಅದರ ಅರ್ಥವಲ್ಲ. ಆದರೂ ನೊಂದವರ ಮನಸ್ಸು ಬರಡಾಗಲೇಬೇಕೆಂಬ ವಿಧಿಯೇನೂ ಇಲ್ಲವೆಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ಈ ಎರಡು ಮಾತು ಒಂದಕ್ಕೊಂದು ಹೇಗೆ ಹೊಂದುತ್ತವೆ? ಕುಡಿದು ಬರುವ ತಂದೆಯಿರುವ ಮನೆಯ ಮಗುವನ್ನು ನೆನೆದುಕೊಳ್ಳಿ. ಮೆಟ್ಟಿಲ ಮೇಲಿನ ಚಪ್ಪಲಿಯ ಸದ್ದಿನಿಂದಲೇ ಅದು ಇಂದಿನ ರಾತ್ರಿ ಹೇಗಿರುತ್ತದೆಂದು ತಿಳಿಯುತ್ತದೆ. ದೊಡ್ಡವರ ಮುಖದ ಒಂದೊಂದು ಗೆರೆಯನ್ನೂ ಓದಲು ಕಲಿಯುತ್ತದೆ. ಇದು ಭಯ ಕಲಿಸಿದ ಅಕ್ಷರಾಭ್ಯಾಸ. ಎರಡು ವರ್ಷದ ಮಗುವಿಗೆ ಈ ವಿದ್ಯೆಯಿಂದ ತನ್ನನ್ನು ಕಾಪಾಡಿಕೊಳ್ಳುವುದಷ್ಟೇ ಸಾಧ್ಯ. ಬೆಳೆದ ಮೇಲೆ, ತಾನು ಸುರಕ್ಷಿತವಾಗಿದ್ದೇನೆಂಬ ಧೈರ್ಯ ಬಂದ ಮೇಲೆ, ಅದೇ ವಿದ್ಯೆ ಇನ್ನೊಬ್ಬರ ಸಂಕಟವನ್ನು ಹೇಳದೆಯೇ ಅರಿಯುವ ಶಕ್ತಿಯಾಗಬಲ್ಲದು. ಆ ಧೈರ್ಯ ಬಾರದಿದ್ದರೆ ವಿದ್ಯೆ ವಿದ್ಯೆಯಾಗಿಯೇ ಉಳಿಯುತ್ತದೆ, ದಯೆಯಾಗುವುದಿಲ್ಲ.

ಒಬ್ಬರಿದ್ದರೆ ಸಾಕು

ಆ ಧೈರ್ಯ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ನನಗೆ ಗೊತ್ತಿರುವಂತೆ ಅತ್ಯಂತ ತಾಳ್ಮೆಯ ಉತ್ತರ ಹವಾಯಿ ದ್ವೀಪಗಳಲ್ಲೊಂದಾದ ಕವಾಯಿಯಿಂದ ಬಂದಿದೆ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಎಂಬಾಕೆ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಸುಮಾರು ಮೂರನೆಯ ಒಂದು ಭಾಗ ಮಕ್ಕಳದು ಬಡತನ, ಮನೆಯ ಜಗಳ, ತಂದೆತಾಯಿಯರ ಕುಡಿತ ಅಥವಾ ಮನೋರೋಗ ಇತ್ಯಾದಿ ಕೂಡಿದ ದುರ್ಭರ ಬಾಲ್ಯ. ಅವರಲ್ಲಿ ಬಹುಪಾಲು ಮಂದಿ ತೊಂದರೆಗೆ ಸಿಕ್ಕಿದರು. ಆದರೆ ಪ್ರತಿ ಮೂವರಲ್ಲಿ ಒಬ್ಬರು ಆತ್ಮವಿಶ್ವಾಸವುಳ್ಳ, ಇತರರ ಬಗ್ಗೆ ಕಾಳಜಿಯುಳ್ಳ ವ್ಯಕ್ತಿಗಳಾಗಿ ಬೆಳೆದರು.

ಇವರಲ್ಲಿ ಸಾಮಾನ್ಯವಾಗಿದ್ದದ್ದೇನು? ತಂದೆತಾಯಿ ಕೈಬಿಟ್ಟರೂ ಕೈಬಿಡದ ಒಬ್ಬರಾದರೂ ಅವರ ಬದುಕಿನಲ್ಲಿದ್ದರು. ಅಜ್ಜಿ, ಚಿಕ್ಕಮ್ಮ, ನೆರೆಯಾಕೆ, ಮೇಷ್ಟ್ರು, ಯಾರಾದರೂ ಸರಿ.

ಇದನ್ನು ಓದಿದಾಗ ನನಗೆ ಇಡ್ಲಿ ಹಂಡೆಯ ಮೇಲಿನ ತಟ್ಟೆ ನೆನಪಾಯಿತು. ಯಾವ ಪದವಿಯೂ ಇಲ್ಲದ, ಹೆಬ್ಬೆಟ್ಟು ಒತ್ತಿ ಸಂಬಳ ಪಡೆಯುತ್ತಿದ್ದ ಆ ಅಡುಗೆಯವರು ನನ್ನ ಬಾಲ್ಯದ ಆ ‘ಒಬ್ಬರು’. ಆದರೆ 1994ರವರೆಗೂ ನಾನು ನನ್ನ ಕಥೆಯನ್ನು ಹೇಳುವಾಗಲೆಲ್ಲ ಕಪಾಳದ ಪೆಟ್ಟನ್ನು ಹೇಳುತ್ತಿದ್ದೆ, ಇಡ್ಲಿಯನ್ನು ಹೇಳುತ್ತಿರಲಿಲ್ಲ. ಪೆಟ್ಟು ತಿಂದು ಗೆದ್ದೆ ಎಂಬುದು ನನ್ನ ಹೆಗ್ಗಳಿಕೆಯಾಗಿತ್ತು. ‘ನಮಗೆ ಯಾರು ಕೊಟ್ಟರು’ ಎನ್ನುವವರ ಕಥೆಯಲ್ಲಿ ಇಂಥದೊಂದು ಇಡ್ಲಿ ಮರೆತುಹೋಗಿರುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ. ನೆನಪಿನ ಲೆಕ್ಕಪತ್ರದಲ್ಲಿ ಖರ್ಚನ್ನು ಮಾತ್ರ ಬರೆದು ಜಮೆಯನ್ನು ಬಿಟ್ಟರೆ, ಮನುಷ್ಯ ಜಗತ್ತೇ ತನಗೆ ಸಾಲ ತೀರಿಸಬೇಕು ಎಂದುಕೊಂಡುಬಿಡುತ್ತಾನೆ.

ನಲಿವಿನ ಪಾಠ

ಇನ್ನು ತರುಣಿಯ ಅಮ್ಮನ ವಿಷಯ. ಸುಖವಾಗಿ ಬೆಳೆದವರಿಗೆ ಕಷ್ಟ ತಿಳಿಯದು ಎಂಬ ಮಾತು ಅರ್ಧ ಮಾತ್ರ ನಿಜ. ಸುಖ ಎಂದರೆ ಏನು ಎಂಬುದರ ಮೇಲೆ ಅದು ನಿಂತಿದೆ. ಕೇಳಿದ್ದೆಲ್ಲ ಸಿಕ್ಕಿದ ಬಾಲ್ಯ ಒಂದು, ಕೇಳಿದಾಗ ಕಿವಿಗೊಟ್ಟ ಬಾಲ್ಯ ಇನ್ನೊಂದು. ಎರಡನೆಯದು ಬಡವರ ಮನೆಯಲ್ಲೂ ಸಾಧ್ಯ.

ಅಮೆರಿಕದಲ್ಲಿ 1951ರಲ್ಲಿ ಐದು ವರ್ಷದ ಮಕ್ಕಳ ತಾಯಂದಿರನ್ನು ಮಾತನಾಡಿಸಿ, ಅವರು ಮಕ್ಕಳನ್ನು ಹೇಗೆ ಬೆಳೆಸುತ್ತಾರೆಂದು ಬರೆದಿಟ್ಟುಕೊಂಡಿದ್ದರು. ಆ ಮಕ್ಕಳಿಗೆ 31 ವಯಸ್ಸಾದಾಗ ಅವರಲ್ಲಿ 75 ಮಂದಿಯನ್ನು ಪರೀಕ್ಷಿಸಿ, ರಿಚರ್ಡ್ ಕೆಸ್ಟ್ನರ್ ಮತ್ತು ಸಂಗಡಿಗರು 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದೊಡ್ಡವರಾದ ಮೇಲಿನ ಅನುಕಂಪದೊಡನೆ ಅತ್ಯಂತ ಗಾಢವಾದ ನಂಟು ಕಂಡದ್ದು ಯಾವುದಕ್ಕೆ ಗೊತ್ತೇ? ಮಗುವಿನ ಆರೈಕೆಯಲ್ಲಿ ತಂದೆ ಎಷ್ಟು ಪಾಲುಗೊಂಡಿದ್ದ ಎಂಬುದಕ್ಕೆ. ತಾಯಿ ಮಗುವಿನ ಅವಲಂಬನೆಯನ್ನು ಸಹನೆಯಿಂದ ಕಾಣುತ್ತಿದ್ದಳೇ ಎಂಬುದೂ ಲೆಕ್ಕಕ್ಕೆ ಬಂದಿತ್ತು.

ಹೊರನಾಡಿನ ನಮ್ಮ ಸಮಾಜಕ್ಕೆ ಇದು ಸ್ವಲ್ಪ ಚುಚ್ಚುವ ಸತ್ಯ. ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ಎಂದರೆ ತಿಂಗಳಿಗೊಮ್ಮೆ ಬರುವ ಮನಿಆರ್ಡರು, ವರ್ಷಕ್ಕೊಮ್ಮೆ ಬರುವ ನೆಂಟ. ಸಂಸಾರವನ್ನು ಇಲ್ಲಿಗೆ ಕರೆತಂದ ಮೇಲೂ, ಮಕ್ಕಳು ಏಳುವ ಮೊದಲು ಹೊರಟು, ಮಲಗಿದ ಮೇಲೆ ಬರುವವನು. ದುಡಿಯದೆ ಗತಿಯಿರಲಿಲ್ಲ, ನಿಜ. ನನ್ನ ಮಗಳು ಕ್ಯಾಂಟೀನಿಗೆ ಬಂದು ಕುಳಿತುಕೊಳ್ಳುತ್ತಿದ್ದುದೂ ಅಪ್ಪನನ್ನು ನೋಡಲು ಅದೊಂದೇ ದಾರಿ ಇದ್ದುದರಿಂದ. ಅಲ್ಲಿ ಅವಳು ಯಾವ ಅಪ್ಪನನ್ನು ನೋಡಿದಳೆಂದು ಮೇಲೆ ಹೇಳಿದ್ದೇನೆ. ನಾಳೆ ತಂದೆಯಾಗಲಿರುವ ತರುಣರು ಈ ಪುಟವನ್ನು ಗುರುತು ಹಾಕಿಟ್ಟುಕೊಳ್ಳಲಿ.

ಇನ್ನೊಂದು ಅಧ್ಯಯನವನ್ನೂ ಹೇಳಲೇಬೇಕು. ಸ್ಯಾಮ್ಯುಯೆಲ್ ಒಲಿನರ್ ಎಂಬ ಯಹೂದಿ ಹುಡುಗ 1942ರಲ್ಲಿ ಪೋಲೆಂಡಿನಲ್ಲಿ ನಾಜಿಗಳ ಕೈಗೆ ತನ್ನ ಇಡೀ ಮನೆಯವರನ್ನು ಕಳೆದುಕೊಂಡಾಗ ಅವನಿಗೆ ಹನ್ನೆರಡು ವರ್ಷ. ಒಬ್ಬ ಕ್ರೈಸ್ತ ರೈತ ಹೆಂಗಸು ಪ್ರಾಣದ ಹಂಗು ತೊರೆದು ಅವನನ್ನು ಉಳಿಸಿದಳು. ಬೆಳೆದು ಅಮೆರಿಕದಲ್ಲಿ ಪ್ರಾಧ್ಯಾಪಕನಾದ ಅವನು ಬದುಕಿಡೀ ಬೆನ್ನಟ್ಟಿದ ಪ್ರಶ್ನೆ ಒಂದೇ: ‘ಆಕೆಯಂಥವರು ಹಾಗೇಕೆ ಮಾಡಿದರು?’ ಯಹೂದಿಗಳನ್ನು ಕಾಪಾಡಿದ ನೂರಾರು ಮಂದಿಯನ್ನು ಮಾತನಾಡಿಸಿ, ಪತ್ನಿ ಪರ್ಲ್ ಜೊತೆ 1988ರಲ್ಲಿ ಪುಸ್ತಕ ಪ್ರಕಟಿಸಿದ. ಕಾಪಾಡಿದವರು ತಮ್ಮ ಬಾಲ್ಯವನ್ನು ನೆನೆದು ಹೇಳಿದ ಒಂದು ಸಂಗತಿ ಗಮನಾರ್ಹ. ತಪ್ಪು ಮಾಡಿದಾಗ ಅವರ ಹೆತ್ತವರು ಹೊಡೆದದ್ದು ಕಡಿಮೆ, ಕೂರಿಸಿ ವಿವರಿಸಿದ್ದು ಹೆಚ್ಚು. “ನೀನು ಹೀಗೆ ಮಾಡಿದ್ದರಿಂದ ಅವನಿಗೆ ಎಷ್ಟು ನೋವಾಯಿತು ನೋಡು” ಎಂದು ತೋರಿಸುವ ಈ ಕ್ರಮವೇ ಅನುಕಂಪದ ಬೇರಿಗೆ ನೀರೆರೆಯುತ್ತದೆಂದು ಮಾರ್ಟಿನ್ ಹಾಫ್‌ಮನ್ ಎಂಬ ಮನಶ್ಶಾಸ್ತ್ರಜ್ಞರೂ ವಾದಿಸಿದ್ದಾರೆ. ಹೊಡೆತ ಮಗುವಿನ ಗಮನವನ್ನು ತನ್ನ ಕೆನ್ನೆಯ ಮೇಲೆಯೇ ಇಡುತ್ತದೆ; ವಿವರಣೆ ಅದನ್ನು ಇನ್ನೊಬ್ಬರ ಮುಖದ ಕಡೆಗೆ ತಿರುಗಿಸುತ್ತದೆ.

ಬಾಯಾರಿಕೆಯಿಂದ ಕೆರೆಯವರೆಗೆ

ನೋವು ಕರುಣೆಯಾಗಿ, ಕರುಣೆ ಕಾರ್ಯವಾಗಿ ಹರಿದುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1901ರಲ್ಲಿ ಸತಾರಾದಿಂದ ತಂದೆಯನ್ನು ನೋಡಲು ರೈಲಿನಲ್ಲಿ ಹೊರಟ ಬಾಲಕ ಭೀಮರಾವ್ ಅಂಬೇಡ್ಕರ್ ಮತ್ತು ಜೊತೆಯ ಮಕ್ಕಳು ಮಸೂರ್ ನಿಲ್ದಾಣದಲ್ಲಿ ಇಳಿದಾಗ, ಅವರ ಜಾತಿ ತಿಳಿದ ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿಯ ಡಬ್ಬಿ ಕೈಯಲ್ಲಿತ್ತು; ಕುಡಿಯಲು ನೀರು ಕೊಡುವವರಿರಲಿಲ್ಲ. ಆ ರಾತ್ರಿ ಅವರು ಹಸಿದೇ ಮಲಗಿದರು. ಈ ಘಟನೆ ತಮ್ಮ ಬದುಕಿನಲ್ಲಿ ಅಳಿಸಲಾಗದ ಗುರುತು ಮಾಡಿತೆಂದು ಅವರೇ ಬರೆದಿದ್ದಾರೆ. 1927ರ ಮಾರ್ಚಿ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರೊಡನೆ ಮುಟ್ಟಿ ಕುಡಿದವರು ಅವರೇ. ಒಬ್ಬ ಬಾಲಕನ ಬಾಯಾರಿಕೆ ಎಲ್ಲರ ನೀರಿನ ಹಕ್ಕಾಯಿತು.

ಅವರಿಗೂ ‘ಒಬ್ಬರು’ ಇದ್ದರು ಎಂಬುದನ್ನು ಮರೆಯಬಾರದು. ಮಗನ ಓದಿಗಾಗಿ ಪರೇಲಿನ ಒಂದೇ ಕೋಣೆಯ ಚಾಳಿನಲ್ಲಿ ಒದ್ದಾಡಿದ ತಂದೆ ರಾಮ್‌ಜಿ ಒಬ್ಬರು. ಚರ್ನಿ ರೋಡಿನ ಉದ್ಯಾನದಲ್ಲಿ ಓದುತ್ತ ಕುಳಿತಿರುತ್ತಿದ್ದ ಹುಡುಗನನ್ನು ಗುರುತಿಸಿ ಮಾತನಾಡಿಸಿದ, ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧಚರಿತ್ರೆಯನ್ನು ಕೈಗಿತ್ತ ಕೇಳುಸ್ಕರ್ ಮೇಷ್ಟ್ರು ಇನ್ನೊಬ್ಬರು. ಮುಂದೆ ಬರೋಡೆಯ ಮಹಾರಾಜರ ನೆರವು ಸಿಗಲೂ ಅವರೇ ಕಾರಣರಾದರು.

ನಮ್ಮವರೇ ಆದ ಹರೇಕಳ ಹಾಜಬ್ಬರನ್ನು ನೋಡಿ. ಶಾಲೆಯ ಮೆಟ್ಟಿಲು ಹತ್ತದ ಅವರು ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದರು. ವಿದೇಶೀಯರಿಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ಅವಮಾನವಾಯಿತು. ತನ್ನೂರಿನ ಮಕ್ಕಳಿಗೆ ಇದು ಬರಬಾರದೆಂದು, ಕಿತ್ತಳೆಯ ಬುಟ್ಟಿಯಲ್ಲಿ ಉಳಿದ ದುಡ್ಡನ್ನು ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು, ನ್ಯೂಪಡ್ಪುವಿನಲ್ಲಿ ಶಾಲೆ ತಂದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. “ನಾನು ಓದಲಿಲ್ಲ, ಇವರೇಕೆ ಓದಬೇಕು” ಎನ್ನಲು ಅವರಿಗೆ ನಮ್ಮೆಲ್ಲರಿಗಿಂತ ಹೆಚ್ಚಿನ ಕಾರಣವಿತ್ತು.

ನಿಮ್ಮ ಬುತ್ತಿ

“ನಮಗೆ ಅಂಥ ಕಷ್ಟವೇ ಬರಲಿಲ್ಲವಲ್ಲ” ಎಂದು ನೀವು ಅನ್ನಬಹುದು. ಯುವ ಮಿತ್ರರೇ, ನಿಮ್ಮ ಬುತ್ತಿಯನ್ನೂ ಒಮ್ಮೆ ಬಿಚ್ಚಿ ನೋಡಿ. ಶಾಲೆಯಲ್ಲಿ ನಿಮ್ಮ ಹೆಸರನ್ನು ತಿರುಚಿ ಕೂಗಿದ್ದು, ಕನ್ನಡದವರೆಂದರೂ ಕೇಳದೆ ‘ಮದ್ರಾಸಿ’ ಎಂದದ್ದು ನೆನಪಿಲ್ಲವೇ? ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಹಿಂದಿ ಬೆರೆತ ಕನ್ನಡವನ್ನು ಕೇಳಿ ಸೋದರತ್ತೆಯ ಮಕ್ಕಳು ನಗಲಿಲ್ಲವೇ? ಇಲ್ಲಿಯೂ ಹೊರಗಿನವರು, ಅಲ್ಲಿಯೂ ಬೊಂಬಾಯಿಯವರು! ಎರಡು ಕಡೆಯೂ ಬಾಗಿಲ ಹೊಸ್ತಿಲ ಮೇಲೆ ನಿಂತವರಿಗೆ, ಬಾಗಿಲ ಹೊರಗೆ ನಿಂತವರ ಚಳಿ ತಿಳಿದಿರಬೇಕು.

ಆದರೆ ತಿಳಿದಿದೆಯೇ? 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಿತ್ತು. ನಾನು ಬಂದ ಹೊಸದರಲ್ಲಿಯೂ ಹಿರಿಯರು ಅದನ್ನು ತಗ್ಗಿದ ದನಿಯಲ್ಲೇ ಹೇಳುತ್ತಿದ್ದರು. 2008ರಲ್ಲಿ ಇದೇ ನಗರದಲ್ಲಿ ಉತ್ತರದಿಂದ ಬಂದ ಟ್ಯಾಕ್ಸಿಯವರ ಮೇಲೆ ಕೈಮಾಡಿದರು. ಆಗ ನಮ್ಮ ಕೂಟಗಳಲ್ಲಿ ನಡೆದ ಮಾತು ನನಗೆ ನೆನಪಿದೆ. “ಇವರು ಜಾಸ್ತಿಯಾದರು” ಎಂದವರಿದ್ದರು. ನಮ್ಮ ಹೋಟೆಲುಗಳ ಒಡೆದ ಗಾಜನ್ನು ನೆನೆದವರು ಕಡಿಮೆ. ಒಬ್ಬ ವ್ಯಕ್ತಿಗೆ ಆಗುವ ಮರೆವು ಒಂದು ಸಮಾಜಕ್ಕೂ ಆಗುತ್ತದೆ.

ಏನು ಮಾಡಬಹುದು?

ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ತಪ್ಪಿ ಕಲಿತ ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಹಿರಿಯರ ಕಥೆ ಕೇಳುವಾಗ ಒಂದು ಪ್ರಶ್ನೆ ಸೇರಿಸಿ ಕೇಳಿ: “ಆಗ ನಿಮಗೆ ನೆರವಾದವರು ಯಾರು?” ‘ಯಾರೂ ಇಲ್ಲ’ ಎನ್ನುತ್ತಾರೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಿ. ಒಂದು ಹೆಸರು ಹೊರಗೆ ಬಂದೀತು. ಆ ಹೆಸರು ಬಂದ ದಿನ ‘ನಮಗೆ ಯಾರು ಕೊಟ್ಟರು’ ಎಂಬ ಮಾತಿನ ಬಲ ಕುಂದುತ್ತದೆ.

ಎರಡನೆಯದು, ಬಾಲ್ಯದ ಗಾಯ ಆಳವಾಗಿದ್ದವರು ಅದನ್ನು ಒಬ್ಬರೇ ಹೊತ್ತು ತಿರುಗಬೇಡಿ. ‘ಮರೆತುಬಿಡು’ ಎಂಬ ನಮ್ಮ ತಲೆಮಾರಿನ ಮದ್ದು ನಾಟುವುದಿಲ್ಲ. ನಂಬುವ ಒಬ್ಬರೊಡನೆ ಹೇಳಿಕೊಳ್ಳಿ, ಬೇಕಾದರೆ ಬಲ್ಲವರ ಸಲಹೆ ಪಡೆಯಿರಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ದೂರವಾಣಿ 14416, ಅದು ಉಚಿತ. ಸಂಕಟದಲ್ಲಿರುವ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಫೋನು ಮಾಡಿ. ನಮ್ಮ ಮುಂಬಯಿಯಲ್ಲೇ 1996ರಲ್ಲಿ ಹುಟ್ಟಿದ ಸೇವೆ ಅದು. ಚಹಾದ ಲೋಟ ಕೆಳಗಿಡುವುದೆಂದರೆ ಇದೇ.

ಮೂರನೆಯದು, ನೀವೇ ಯಾರಿಗಾದರೂ ಆ ‘ಒಬ್ಬರು’ ಆಗಿ. ದೊಡ್ಡ ತ್ಯಾಗ ಬೇಕಿಲ್ಲ. ಕಟ್ಟಡದ ವಾಚ್‌ಮನ್ನನ ಮಗಳಿಗೆ ವಾರಕ್ಕೆರಡು ದಿನ ಗಣಿತ ಹೇಳಿಕೊಡಬಹುದು. ಕಚೇರಿಗೆ ಹೊಸದಾಗಿ ಬಂದ, ಭಾಷೆ ತಿಳಿಯದ ಹುಡುಗನನ್ನು ಊಟದ ಮೇಜಿಗೆ ಕರೆಯಬಹುದು. ಮುಚ್ಚಿಟ್ಟ ಒಂದು ತಟ್ಟೆ ಇಡ್ಲಿ ಐವತ್ತು ವರ್ಷ ಬಿಸಿಯಾಗಿರುತ್ತದೆಂಬುದಕ್ಕೆ ನಾನೇ ಸಾಕ್ಷಿ.

ನನ್ನ ಮಗಳಿಗೆ ಈಗ ಅವಳದೇ ಮಗುವಿದೆ. ಈ ಲೇಖನ ಬರೆಯುವ ಮೊದಲು ಅವಳನ್ನು ಕೇಳಿದೆ, ಆ ದಿನ ನೆನಪಿದೆಯೇ ಎಂದು. “ಇದೆ” ಎಂದಳು. “ಬರೆಯಲೇ?” ಎಂದೆ. “ಬರೀರಿ ಅಪ್ಪ. ಆ ಹುಡುಗನೂ ಓದಲಿ” ಎಂದಳು.

ಅವನಿಗೆ ಈಗ ನಲವತ್ತೈದರ ಆಸುಪಾಸು ವಯಸ್ಸಿರಬೇಕು. ಎಲ್ಲಿದ್ದಾನೋ, ಯಾವ ಗಲ್ಲಾದಲ್ಲಿ ಕುಳಿತಿದ್ದಾನೋ ತಿಳಿಯದು. ಅವನ ಹೋಟೆಲಿನಲ್ಲಿ ಒಂದು ಟ್ರೇ ಬಿದ್ದಾಗ ಅವನು ಏನು ಮಾಡುತ್ತಾನೆಂಬುದರಲ್ಲಿ ನನ್ನ ಪಾಲೂ ಇದೆ. ನನ್ನ ನಂತರ ಅವನ ಬಾಳಿನಲ್ಲಿ ಒಬ್ಬ ಅಡುಗೆಯವರು ಬಂದಿರಲಿ ಎಂದು ಹಾರೈಸುತ್ತೇನೆ.

ಮುಂದಿನ ಕೂಟಕ್ಕೆ ಬರುವಾಗ ನೀವು ಪ್ರತಿಯೊಬ್ಬರೂ ನಿಮ್ಮ ಮನೆಯ ಹಿರಿಯರಿಂದ ಒಂದು ಹೆಸರು ಕೇಳಿಕೊಂಡು ಬನ್ನಿ. ಪ್ರಶ್ನೆ ಕೇಳಿದ ಆ ಮಗಳೇ, ನೀನು ನಿನ್ನ ಅಪ್ಪನನ್ನೂ ಕರೆದುಕೊಂಡು ಬಾ. ನಾವಿಬ್ಬರೂ ಮಾತನಾಡುವುದಿದೆ.